ಚಾನೆಲ್ ಹಾರಿಸಿದರೆ ರಿಸೀವರ್ ಕಳೆದುಹೋಗುತ್ತಿದೆ, ಏನು ಮಾಡಲಿ?

ಪ್ರಶ್ನೆ: ಮೇಡಂ, ನಮಸ್ಕಾರ. ನನ್ನ ಹತ್ತಿರ ಒಂದು ಟ್ರಾನ್ಸ್‌ಮಿಟರ್, ಆರು ರಿಸೀವರ್ ಇವೆ. ಎಲ್ಲದರಲ್ಲೂ ತಂತಿಯಿಲ್ಲದೆ ಸಂದೇಶ ಕಳಿಸುವ, ಪಡೆಯುವ ಚಿಕ್ಕ ರೇಡಿಯೊ, ಅಂದರೆ ಎನ್‌ಆರ್‌ಎಫ್24ಎಲ್01+ ಮಾಡ್ಯೂಲ್. ಆರು ಎಲ್‌ಇಡಿ ಪಟ್ಟಿಗಳು ಒಂದೇ ಸಲಕ್ಕೆ ಬಣ್ಣ ಬದಲಿಸಬೇಕು, ಇಷ್ಟೇ ಕೆಲಸ. ಒಂದೇ ಚಾನೆಲ್‌ನಲ್ಲಿ ಇಟ್ಟಾಗ ಪಕ್ಕದಲ್ಲಿ ಯಾರಾದರೂ ವೈಫೈನಲ್ಲಿ ವಿಡಿಯೊ ಹಾಕಿದರೆ ಸಾಕು, ಎರಡು ಮೂರು ಪಟ್ಟಿ ಹಿಂದೆ ಬೀಳುತ್ತಿದ್ದವು. ಅದಕ್ಕೆ 30ರಿಂದ 45ರವರೆಗೆ 16 ಚಾನೆಲ್‌ಗಳ ಟೇಬಲ್ ಮಾಡಿದೆ. 20 ಮಿಲಿಸೆಕೆಂಡಿಗೆ ಒಂದು ಪ್ಯಾಕೆಟ್ (ಸಂದೇಶದ ಕಟ್ಟು), ಕಳಿಸಿದ ಮೇಲೆ ಮುಂದಿನ ಚಾನೆಲ್. ಪ್ಯಾಕೆಟ್ ಸಿಕ್ಕ ತಕ್ಷಣ ರಿಸೀವರ್ ಕೂಡ ಮುಂದಿನದಕ್ಕೆ ಹೋಗುತ್ತದೆ. ಒಂದು ಸೆಕೆಂಡ್ ಏನೂ ಬರದಿದ್ದರೆ, 20 ಮಿಲಿಸೆಕೆಂಡಿಗೆ ಒಂದರಂತೆ ಎಲ್ಲ ಚಾನೆಲ್ ಹುಡುಕುತ್ತದೆ. ಆದರೆ ಒಮ್ಮೆ ತಪ್ಪಿದ ರಿಸೀವರ್ ನಿಮಿಷಗಟ್ಟಲೆ ಸಿಗುವುದೇ ಇಲ್ಲ. ಹೀಗೆ ಚಾನೆಲ್ ಹಾರುವ ಹಾಪಿಂಗ್ ಬಿಟ್ಟು ಹಳೆಯದಕ್ಕೇ ವಾಪಸ್ ಹೋಗಲಾ?

ಉತ್ತರ: ಬೇಡ. ಹಾಪಿಂಗ್ ಸರಿಯಾದ ದಾರಿಯೇ. ಆದರೆ ನಿಮ್ಮ ರಿಸೀವರ್ ಪ್ಯಾಕೆಟ್ ನೋಡಿಕೊಂಡು ಹಾರುತ್ತಿದೆ. ಅದು ಗಡಿಯಾರ ನೋಡಿಕೊಂಡು ಹಾರಬೇಕು.

ಈಗ ಏನಾಗುತ್ತಿದೆ ನೋಡಿ. ಒಂದು ಪ್ಯಾಕೆಟ್ ತಪ್ಪಿತು ಅಂದರೆ ಆ ಚಾನೆಲ್‌ನಲ್ಲಿ ಗದ್ದಲ ಇತ್ತು ಅಂತ ತಾನೇ? ನಿಮ್ಮ ಕೋಡ್ ಪ್ರಕಾರ ರಿಸೀವರ್ ಕಾಯುತ್ತಾ ಕೂರುವುದು ಆ ಗದ್ದಲದ ಚಾನೆಲ್‌ನಲ್ಲೇ! ಟ್ರಾನ್ಸ್‌ಮಿಟರ್ 320 ಮಿಲಿಸೆಕೆಂಡಿಗೊಮ್ಮೆ ಅಲ್ಲಿಗೆ ಬಂದೇ ಬರುತ್ತದೆ, ಆದರೂ ಕೇಳಿಸುವುದಿಲ್ಲ. ಆಮೇಲಿನ ಹುಡುಕಾಟ ಇನ್ನೂ ಕಷ್ಟದ್ದು. ಟ್ರಾನ್ಸ್‌ಮಿಟರ್ ಹೋಗುವ ವೇಗದಲ್ಲೇ, ಅದೇ ಸಾಲಿನಲ್ಲೇ ರಿಸೀವರ್ ಕೂಡ ಹೋದರೆ ಎರಡರ ನಡುವಿನ ಅಂತರ ಹಾಗೇ ಉಳಿಯುತ್ತದೆ. ತಪ್ಪಿದ ಬಸ್ಸಿನ ಹಿಂದೆ ಅದರಷ್ಟೇ ವೇಗದಲ್ಲಿ ಓಡಿದ ಹಾಗೆ. ಒಂದು ಸ್ಟಾಪಿನಲ್ಲಿ ನಿಂತರೆ ಬಸ್ಸೇ ಸುತ್ತಿ ಬರುತ್ತದೆ. ಕಳೆದುಹೋದ ರಿಸೀವರ್ ಒಂದು ಚಾನೆಲ್‌ನಲ್ಲಿ ಪೂರ್ತಿ ಒಂದು ಸುತ್ತಿಗಿಂತ ಸ್ವಲ್ಪ ಜಾಸ್ತಿ, ಅಂದರೆ 350 ಮಿಲಿಸೆಕೆಂಡ್ ನಿಲ್ಲಲಿ. ಸಿಗದಿದ್ದರೆ ಬೇರೆ ಚಾನೆಲ್‌ಗೆ ಹೋಗಿ ಮತ್ತೆ ಅಷ್ಟೇ ಹೊತ್ತು ನಿಲ್ಲಲಿ.

ಪ್ರತಿ ಪ್ಯಾಕೆಟ್‌ನಲ್ಲೂ ಸ್ಲಾಟ್ ನಂಬರ್ ಹಾಕಿ; ಸ್ಲಾಟ್ ಅಂದರೆ 20 ಮಿಲಿಸೆಕೆಂಡಿನ ಒಂದು ಸರದಿ. 20 ಮಿಲಿಸೆಕೆಂಡಿಗೊಮ್ಮೆ ಅದು ಒಂದು ಏರಲಿ. ಚಾನೆಲ್ ಯಾವುದು ಅಂತ ಆ ನಂಬರಿನಿಂದಲೇ ಲೆಕ್ಕ ಹಾಕಿ. ರಿಸೀವರ್‌ಗೆ ಒಂದೇ ಒಂದು ಪ್ಯಾಕೆಟ್ ಸಿಕ್ಕರೂ ಎಣಿಕೆ ಗೊತ್ತಾಯಿತು. ಆಮೇಲೆ ಪ್ಯಾಕೆಟ್ ಬರಲಿ ಬಿಡಲಿ, ತನ್ನ ಗಡಿಯಾರದ ಪ್ರಕಾರ ಎಣಿಸುತ್ತಾ ಹಾರುತ್ತಿರುತ್ತದೆ. ನಾಲ್ಕು ಪ್ಯಾಕೆಟ್ ತಪ್ಪಿದರೂ ಐದನೆಯದಕ್ಕೆ ಸರಿಯಾದ ಜಾಗದಲ್ಲೇ ಇರುತ್ತದೆ.

ಬಣ್ಣದ ಕಮಾಂಡ್ ಕೂಡ "ಈಗ ಕೆಂಪು" ಅಂತ ಕಳಿಸಬೇಡಿ. "5010ನೇ ಸ್ಲಾಟ್‌ನಲ್ಲಿ ಕೆಂಪು" ಅಂತ 5000ದಿಂದಲೇ ಪ್ರತಿ ಸ್ಲಾಟ್‌ನಲ್ಲೂ ಹೇಳುತ್ತಾ ಬನ್ನಿ. ಹತ್ತು ಬೇರೆ ಬೇರೆ ಚಾನೆಲ್‌ನಲ್ಲಿ ಹೇಳಿದ ಹಾಗಾಯಿತು. ಯಾವುದಾದರೂ ಒಂದು ಕೇಳಿಸಿದರೆ ಸಾಕು, ಆರೂ ಪಟ್ಟಿ ಒಟ್ಟಿಗೇ ಬದಲಾಗುತ್ತವೆ. 200 ಮಿಲಿಸೆಕೆಂಡ್ ತಡವಾಗುತ್ತದೆ, ನಿಜ. ಆದರೆ ಎಲ್ಲವೂ ಒಂದೇ ತಡ ಆದ್ದರಿಂದ ನೋಡುವವರಿಗೆ ಗೊತ್ತಾಗುವುದಿಲ್ಲ. ಪ್ಯಾಕೆಟ್ ಸಿಕ್ಕಿತು ಅಂತ ರಿಸೀವರ್ ತಾನಾಗಿ ಉತ್ತರ ಕೊಡುವ ಆಟೋ ಅಕ್ನಾಲೆಜ್ ಆಫ್ ಮಾಡಿ. ಒಂದೇ ವಿಳಾಸದ ಆರು ರಿಸೀವರ್ ಒಟ್ಟಿಗೆ ಉತ್ತರ ಕೊಟ್ಟರೆ ಉತ್ತರಗಳೇ ಡಿಕ್ಕಿ ಹೊಡೆಯುತ್ತವೆ.

ಇನ್ನು ನಿಮ್ಮ ಟೇಬಲ್. ಈ ಮಾಡ್ಯೂಲ್‌ನಲ್ಲಿ ಚಾನೆಲ್ 30 ಅಂದರೆ 2430 ಮೆಗಾಹರ್ಟ್ಸ್, 45 ಅಂದರೆ 2445. ವೈಫೈ 6ನೇ ಚಾನೆಲ್‌ನ ನಡುಮಧ್ಯ 2437, ಅಗಲ 20 ಮೆಗಾಹರ್ಟ್ಸ್. ಹಾಗಾಗಿ 2427ರಿಂದ 2447ರವರೆಗೂ ಅದರದ್ದೇ. ನಿಮ್ಮ ಹದಿನಾರೂ ಚಾನೆಲ್ ಅದರೊಳಗೇ ಕೂತಿವೆ. ಹಾರಿದ್ದೆಲ್ಲ ಸುಮ್ನೆ.

3ರಿಂದ ಶುರುಮಾಡಿ ಐದೈದು ಬಿಟ್ಟು 78ರವರೆಗೆ ಹೋಗಿ, ಅಲ್ಲಿಗೆ 16 ಆಗುತ್ತವೆ. ಸಾಲಾಗಿ ಹೋಗಬೇಡಿ. ಸ್ಲಾಟ್ ನಂಬರನ್ನು 7ರಿಂದ ಗುಣಿಸಿ, 16ರಿಂದ ಭಾಗಿಸಿ. ಉಳಿದ ಶೇಷವನ್ನು 5ರಿಂದ ಗುಣಿಸಿ 3 ಸೇರಿಸಿ. 3, 38, 73, 28, 63 ಹೀಗೆ ಹೋಗುತ್ತದೆ. ಪ್ರತಿ ಹಾಪ್ 35 ಅಥವಾ 45 ಮೆಗಾಹರ್ಟ್ಸ್ ದೂರ, ಆದ್ದರಿಂದ 20 ಮೆಗಾಹರ್ಟ್ಸ್ ವೈಫೈ ಎದುರಾದರೆ ಮುಂದಿನ ಹಾಪ್‌ಗೇ ಅದರ ಹೊರಗೆ ಇರುತ್ತೀರಿ. ಮಾಡ್ಯೂಲ್ 2525ರವರೆಗೂ ಹೋಗುತ್ತದೆ ಅಂತ ಆಸೆ ಪಡಬೇಡಿ, 2.4 ಗಿಗಾಹರ್ಟ್ಸ್ ಮುಕ್ತ ಬ್ಯಾಂಡ್ 2483.5ಕ್ಕೆ ಮುಗಿಯುತ್ತದೆ.

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್ ಮೇಡಂ. ಪ್ಯಾಕೆಟ್ ಇಲ್ಲದೆ ಗಡಿಯಾರ ಎಷ್ಟು ಹೊತ್ತು ನಂಬಬಹುದು?

ಉತ್ತರ: ಅದು ನಿಮ್ಮ ಬೋರ್ಡ್ ಮೇಲೆ ಹೋಗುತ್ತದೆ. ಮೈಕ್ರೋಕಂಟ್ರೋಲರ್‌ಗೆ ಗಡಿಯಾರದ ತಾಳ ಕೊಡುವ ಕ್ರಿಸ್ಟಲ್ ಇದ್ದು, ಅದು ಹತ್ತು ಲಕ್ಷಕ್ಕೆ 20ರಷ್ಟು ಆಚೀಚೆ ಆಗುವಂಥದ್ದು ಅಂದುಕೊಳ್ಳಿ. ಒಂದು ಬೇಗ, ಇನ್ನೊಂದು ನಿಧಾನ ಓಡಿದರೂ ಸೆಕೆಂಡಿಗೆ 40 ಮೈಕ್ರೋಸೆಕೆಂಡ್ ಮಾತ್ರ ವ್ಯತ್ಯಾಸ. ರಿಸೀವರ್ ಸ್ಲಾಟ್‌ಗಿಂತ 1 ಮಿಲಿಸೆಕೆಂಡ್ ಮೊದಲೇ ಕಿವಿ ತೆರೆದು, 1 ಮಿಲಿಸೆಕೆಂಡ್ ಆಮೇಲೂ ಕೇಳಿದರೆ 25 ಸೆಕೆಂಡ್ ಆರಾಮಾಗಿ ತಡೆಯುತ್ತದೆ.

ಆದರೆ ಕಲಿಯುವವರು ಬಳಸುವ ಎಷ್ಟೋ ಬೋರ್ಡ್‌ಗಳಲ್ಲಿ ಕ್ರಿಸ್ಟಲ್ ಬದಲು ಸೆರಾಮಿಕ್ ರೆಸೊನೇಟರ್ ಇರುತ್ತದೆ. ಅದು ಶೇಕಡಾ ಅರ್ಧ ಆಚೀಚೆ ಆದರೆ ಎರಡೂ ಕಡೆ ಸೇರಿ ಸೆಕೆಂಡಿಗೆ 10 ಮಿಲಿಸೆಕೆಂಡ್ ತಪ್ಪುತ್ತದೆ. ಬರೀ ಐದು ಸ್ಲಾಟ್‌ಗೆ ಆ 1 ಮಿಲಿಸೆಕೆಂಡಿನ ಅವಕಾಶ ಖಾಲಿ. ಬೋರ್ಡ್ ಬದಲಿಸಲು ಆಗದಿದ್ದರೆ ಪ್ರತಿ ಪ್ಯಾಕೆಟ್ ಎಷ್ಟು ಬೇಗ ಅಥವಾ ತಡವಾಗಿ ಬಂತು ಅಂತ ಅಳೆದು, ಸ್ಲಾಟ್ ಉದ್ದವನ್ನು ಅಷ್ಟಷ್ಟೇ ತಿದ್ದುತ್ತಾ ಹೋಗಿ. ಪ್ಯಾಕೆಟ್ ತಪ್ಪಿದಷ್ಟೂ ಕಿವಿ ತೆರೆಯುವ ಅವಧಿ ಹಿಗ್ಗಿಸಿ. ಕಡಿಮೆ ವಿದ್ಯುತ್ ಬಳಸುವ ಬ್ಲೂಟೂತ್ ಲೋ ಎನರ್ಜಿ ಮಾಡುವುದೂ ಇದನ್ನೇ.

ಇನ್ನೊಬ್ಬ ಸದಸ್ಯರು: ಇಷ್ಟೆಲ್ಲ ಯಾಕೆ ಮೇಡಂ? ಸ್ಕ್ಯಾನ್ ಮಾಡಿ ಖಾಲಿ ಇರುವ ಒಂದು ಚಾನೆಲ್ ಹಿಡಿದು ಕೂತರೆ ಆಗಲ್ವಾ?

ಉತ್ತರ: ವೈಫೈ ಒಂದೇ ಶತ್ರು ಆಗಿದ್ದರೆ ಆಗುತ್ತಿತ್ತು. ಗೋಡೆಗೆ ಬಡಿದು ಬರುವ ಅಲೆ, ನೇರ ಬರುವ ಅಲೆ ಎರಡೂ ಸೇರುವಾಗ ಕೆಲವು ಕಡೆ ಒಂದನ್ನೊಂದು ಅಳಿಸುತ್ತವೆ. ಈ ಬ್ಯಾಂಡ್‌ನಲ್ಲಿ ತರಂಗದ ಉದ್ದ ಸುಮಾರು 12 ಸೆಂಟಿಮೀಟರ್. ಹಾಗಾಗಿ ರಿಸೀವರ್ ಮೂರು ನಾಲ್ಕು ಸೆಂಟಿಮೀಟರ್ ಸರಿದರೂ ಚೆನ್ನಾಗಿದ್ದ ಸಿಗ್ನಲ್ ಸತ್ತುಹೋಗಬಹುದು. ಬೇರೆ ಚಾನೆಲ್‌ನಲ್ಲಿ ಆ ಸತ್ತ ಜಾಗ ಬೇರೆ ಕಡೆ ಇರುತ್ತದೆ. ಆರು ರಿಸೀವರ್‌ಗೂ ಒಪ್ಪುವ ಒಂದು ಚಾನೆಲ್ ಇವತ್ತು ಸಿಗಬಹುದು, ಯಾರೋ ಬಾಗಿಲು ಹಾಕಿದರೆ ಹೋಯಿತು.

ಕೆಟ್ಟ ಚಾನೆಲ್ ಬಿಟ್ಟು ಉಳಿದವುಗಳಲ್ಲಿ ಹಾರಬಹುದು. ಕ್ಲಾಸಿಕ್ ಬ್ಲೂಟೂತ್ 79 ಚಾನೆಲ್‌ಗಳಲ್ಲಿ ಹಾಗೆ ಮಾಡುತ್ತದೆ, 20ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಚಾನೆಲ್ ಗಳ ಹೊಸ ಪಟ್ಟಿ ಇಂಥ ಕ್ಷಣದಿಂದ ಜಾರಿ ಅಂತ ಮೊದಲೇ ಹೇಳಿರುತ್ತದೆ. ಆ ಸುದ್ದಿ ಮುಟ್ಟದವರು ತಪ್ಪಿಹೋಗುತ್ತಾರೆ, ಆದ್ದರಿಂದ ಮೊದಲು ಬರೀ ಹಾಪಿಂಗ್ ಗಟ್ಟಿಯಾಗಲಿ.

ಮತ್ತೊಬ್ಬರು: ಹಾಪಿಂಗ್ ಇದ್ದರೆ ಬೇರೆಯವರು ಕದ್ದು ಕೇಳಲು ಆಗುವುದಿಲ್ಲ ಅಂತಾರೆ, ಹೌದಾ?

ಉತ್ತರ: ಇಲ್ಲ. ನಟಿ ಹೆಡಿ ಲಮಾರ್ ಮತ್ತು ಸಂಗೀತ ಸಂಯೋಜಕ ಜಾರ್ಜ್ ಆಂಥೈಲ್ 1942ರಲ್ಲಿ ಹಾಪಿಂಗ್ ಗೆ ಪೇಟೆಂಟ್ ಪಡೆದಾಗ ಉದ್ದೇಶ ಅಂಥದ್ದೇ ಇತ್ತು. 88 ಫ್ರೀಕ್ವೆನ್ಸಿ, ಎರಡೂ ಕಡೆ ತೂತು ಹೊಡೆದ ಒಂದೇ ಥರದ ಪಿಯಾನೊ ರೋಲ್, ಅಂದರೆ ತಾನೇ ನುಡಿಯುವ ಪಿಯಾನೊಗೆ ಹಾಕುವ ಕಾಗದದ ಸುರುಳಿ. ಈಗ 16 ಚಾನೆಲ್ ಒಟ್ಟಿಗೇ ಕೇಳುವ ರೇಡಿಯೊ ಸಿಗುತ್ತದೆ. ಗುಟ್ಟು ಬೇಕಿದ್ದರೆ ಎನ್‌ಕ್ರಿಪ್ಷನ್ ಹಾಕಿ.

ಪ್ರಶ್ನೆ ಕೇಳಿದವರು: ಕೊನೆಯದು ಮೇಡಂ. ಸ್ಲಾಟ್ ನಂಬರ್ 16 ಬಿಟ್ ಸಾಕಾ?

ಉತ್ತರ: 16 ಬಿಟ್ ಅಂದರೆ 65536 ಸ್ಲಾಟ್, 22 ನಿಮಿಷದೊಳಗೆ ಮತ್ತೆ ಸೊನ್ನೆ. ಅದು 16ರಿಂದ ಭಾಗವಾಗುವುದರಿಂದ ಹಾಪ್ ಕೆಡುವುದಿಲ್ಲ. ಆದರೆ "5010ಕ್ಕೆ ಕೆಂಪು" ಥರದ ಹೋಲಿಕೆ ಆ ಗಡಿಯಲ್ಲಿ ಎಡವುತ್ತದೆ. 32 ಬಿಟ್ ಹಾಕಿ. ಪ್ಯಾಕೆಟ್‌ಗೆ ಎರಡು ಬೈಟ್ ಜಾಸ್ತಿ, ಎರಡೂವರೆ ವರ್ಷ ದಾಟಿದರೂ ಸೊನ್ನೆಗೆ ಬರುವುದಿಲ್ಲ.