ಹತ್ತಕ್ಕೆ ಆರು ಬಂದ್ರೆ ಸಾಕಾ?

ಎಲ್ಲರಿಗೂ ನಮಸ್ಕಾರ. ನಿನ್ನೆ ಈ ಗುಂಪಿನಲ್ಲಿ ಒಬ್ಬರು "ಇಲ್ಲಿನ ಮಕ್ಕಳಿಗೆ ಲೆಕ್ಕ ಕಲಿಯುವ ಹಟವೇ ಇಲ್ಲ" ಅಂತ ಬರೆದಿದ್ದರು. ಅದಕ್ಕೆ ನಮ್ಮನೆ ಕಥೆ ಹೇಳ್ತೀನಿ.

ನಾವಿರುವುದು ನೆದರ್ಲೆಂಡ್ಸ್‌ನ ಆಮ್ಸ್ಟೆಲ್‌ವೇನ್‌ನಲ್ಲಿ. ಮಗಳು ಹೈಸ್ಕೂಲಿನ ಮೊದಲ ವರ್ಷ. ಕಳೆದ ವಾರ ಗಣಿತದ ಟೆಸ್ಟಿನಲ್ಲಿ 6.3 ತಂದಳು, ಅದೂ ಕುಣಿಯುತ್ತಾ. ನನ್ನ ಬಾಯಿಂದ ಬಂದ ಮೊದಲ ಮಾತು, "ಉಳಿದ 3.7 ಎಲ್ಲಿ ಹೋಯ್ತು?" ಅವಳು ಸೈಕಲ್ ಕೀ ಟೇಬಲ್ ಮೇಲೆ ಎಸೆದು, "ಅಮ್ಮಾ, 5.5 ಬಂದ್ರೆ ಪಾಸು. ನಂಗೆ ಜಾಸ್ತಿನೇ ಬಂದಿದೆ" ಅಂದಳು.

ಡಚ್ಚರು ಇದಕ್ಕೆ 'ಝೆಶೆಸ್‌ಕುಲ್ಟೂರ್' ಅಂತಾರೆ. ಆರು ಬಂದ್ರೆ ಆಯ್ತು ಅನ್ನೋ ಬುದ್ಧಿ. ಬೈದುಕೊಳ್ಳುವವರೂ ಅವರೇ. ಹಲವು ದೇಶಗಳ ಹದಿನೈದು ವರ್ಷದ ಮಕ್ಕಳಿಗೆ ನಡೆಸುವ ಪೀಸಾ ಪರೀಕ್ಷೆಯ ಗಣಿತದಲ್ಲಿ 2018ರಲ್ಲಿ 519 ಇದ್ದ ಇವರ ಸರಾಸರಿ 2022ರಲ್ಲಿ 493ಕ್ಕೆ ಇಳಿಯಿತು. ಸಿಂಗಪುರದ್ದು 575. ಆದರೆ 2020ರಲ್ಲಿ ಯುನಿಸೆಫ್ ಶ್ರೀಮಂತ ದೇಶಗಳ ಮಕ್ಕಳು ಹೇಗಿದ್ದಾರೆ ಅಂತ ನೋಡಿದಾಗ ಮೊದಲ ಸ್ಥಾನ ಇವರಿಗೇ ಸಿಕ್ಕಿತು. ಜಪಾನ್, ಕೊರಿಯಾ ಮಕ್ಕಳು ಅಂಕದಲ್ಲಿ ತುಂಬಾ ಮುಂದೆ. "ಗಣಿತ ಇಷ್ಟನಾ?" ಅಂತ ಕೇಳಿದರೆ ಮಾತ್ರ ತೀರಾ ಹಿಂದೆ.

ನನ್ನನ್ನು ಯಾರು ಹಾಗೆ ಕೇಳಿದ್ದರು ಹೇಳಿ? ದೀಪ ಹಚ್ಚಿದ ಮೇಲೆ ಜಗಲಿಯಲ್ಲಿ ಕೂತು "ಎರಡೊಂದ್ಲಿ ಎರಡು, ಎರಡೆರಡ್ಲಿ ನಾಲ್ಕು". ಹದಿನೇಳರ ಮಗ್ಗಿ ತಪ್ಪಿದರೆ ಮತ್ತೆ ಮೊದಲಿಂದ. ಎಸ್ಸೆಸ್ಸೆಲ್ಸಿ ಗಣಿತದ ಅಂಕ ನನ್ನದಲ್ಲ, ಅಪ್ಪನದು. ಬೀದಿಯವರೆಲ್ಲ ಕೇಳಿದ್ದು ಅಪ್ಪನನ್ನೇ.

ಮನೋವಿಜ್ಞಾನಿಗಳಾದ ಶೀನಾ ಅಯ್ಯಂಗಾರ್, ಮಾರ್ಕ್ ಲೆಪ್ಪರ್ ಅವರದು 1999ರ ಒಂದು ಅಧ್ಯಯನ ಇದೆ. ಮಕ್ಕಳಿಗೆ ಪದಗಳ ಒಗಟು ಕೊಟ್ಟರು. ಬಿಳಿಯ ಅಮೆರಿಕನ್ ಮಕ್ಕಳು ತಾವೇ ಆರಿಸಿಕೊಂಡಾಗ ಚೆನ್ನಾಗಿ ಬಿಡಿಸಿದರು. ಏಷ್ಯಾ ಮೂಲದ ಮಕ್ಕಳು "ಇದು ನಿಮ್ಮಮ್ಮ ಆರಿಸಿದ್ದು" ಅಂದಾಗ! ಓದಿ ನಗು ಬಂತು. ನನ್ನ ಮಗಳು ಯಾವ ಗುಂಪಿಗೆ ಸೇರ್ತಾಳೋ ನನಗೇ ಗೊತ್ತಿಲ್ಲ.

ಶನಿವಾರ ಅವಳ ಮುಂದೆ ಭಿನ್ನರಾಶಿಯ ಲೆಕ್ಕ ಇಟ್ಟೆ. "ಇದು ನನಗಾ, ನಿನಗಾ?" ಅಂದಳು. ಸುಮ್ನೆ ಸುಳ್ಳೇಕೆ, "ನನಗೇ" ಅಂದೆ. ಗೊಣಗುತ್ತಾ ಹತ್ತೂ ಮಾಡಿದಳು. ಆಮೇಲೆ ಹಾಕಿ ಆಡೋಕೆ ಓಡಿದಳು.

ವರ್ಷದ ಕೊನೆಗೆ ಹಾವೊನಾ (ಐದು ವರ್ಷದ ಹೈಸ್ಕೂಲು), ವೇವೇಓನಾ (ವಿಶ್ವವಿದ್ಯಾಲಯಕ್ಕೆ ಸಿದ್ಧಮಾಡುವ ಆರು ವರ್ಷದ ಹೈಸ್ಕೂಲು) ಅಂತ ನಿರ್ಧಾರ ಆಗುತ್ತೆ. ಈ ಹಂತ ದಾಟಿದವರು ಹೇಳಿ, ನೀವು ಎಷ್ಟು ಒತ್ತಾಯ ಮಾಡಿದಿರಿ? ಈಗ ಅದರ ಬಗ್ಗೆ ನಿಮ್ಮ ಮಕ್ಕಳು ಏನಂತಾರೆ?