ಅಮೆರಿಕದ ಚೈನೀಸ್ ಊಟ: ಅಪ್ಪ-ಅಮ್ಮನಿಗೆ ಏನು ತಿನ್ನಿಸಲಿ?

ಪ್ರಶ್ನೆ: ನ್ಯೂಜೆರ್ಸಿಗೆ ಬಂದು ಆರು ತಿಂಗಳಾಯ್ತು. ಮನೆ ಪಕ್ಕದ ಚೈನೀಸ್ ಟೇಕ್‌ಔಟ್‌ನ ಲೋ ಮೇನ್ ನೂಡಲ್ಸ್, ಜನರಲ್ ಸೋಸ್ ತೋಫು (ಸೋಯಾ ಪನೀರಿನ ಅಡುಗೆ) ನಂಗೆ ತುಂಬಾ ಇಷ್ಟ. ಆಫೀಸಿನಲ್ಲಿ ಒಬ್ಬರು "ಅದು ಅಸಲಿ ಚೈನೀಸೇ ಅಲ್ಲ" ಅಂದಮೇಲೆ ಪಿಚ್ಚೆನಿಸಿದೆ. ಮುಂದಿನ ತಿಂಗಳು ಅಪ್ಪ-ಅಮ್ಮ ಬರ್ತಿದ್ದಾರೆ, ಇಬ್ಬರೂ ಸಸ್ಯಾಹಾರಿಗಳು. ಎಲ್ಲಿಗೆ ಕರ್ಕೊಂಡು ಹೋಗಲಿ? ಅನುಭವ ಇದ್ದವರು ಹೇಳಿ.

ಉತ್ತರ: ಇದೇ ಮಾತು ಕೇಳಿ ನಾನು ಮೂರು ವರ್ಷ ಟೇಕ್‌ಔಟ್ ಕಡೆ ತಲೆ ಹಾಕಿರಲಿಲ್ಲ. ಈಗ ಅದಕ್ಕೆ ಬೇಜಾರಿದೆ. ಆ ಅಡುಗೆಯ ಹಿಂದೆ ಎಂಥ ಕಷ್ಟದ ಬದುಕಿದೆ ಅಂತ ಆಮೇಲೆ ತಿಳೀತು. ಚೀನೀ ಕೂಲಿಕಾರರು ಅಮೆರಿಕಕ್ಕೆ ಬರೋದನ್ನೇ 1882ರ ಕಾಯ್ದೆ ತಡೆದಿತ್ತು. ಅದು ರದ್ದಾಗಿದ್ದು 1943ರಲ್ಲಿ. ಅಷ್ಟು ಕಾಲ ಬೇರೆ ಕೆಲಸ ಸಿಗದೆ, ಗ್ವಾಂಗ್‌ಡಾಂಗ್ ಕಡೆಯಿಂದ ಬಂದಿದ್ದ ಎಷ್ಟೋ ಜನ ಲಾಂಡ್ರಿ, ಹೋಟೆಲು ಇಟ್ಟು ಬದುಕಿದರು. ತಮ್ಮೂರಿನ ಗೈ ಲಾನ್ ಸೊಪ್ಪಿನ ಜಾಗಕ್ಕೆ ಬ್ರೊಕೊಲಿ ಬಂತು. ಗಿರಾಕಿಗೆ ಸಿಹಿ ಹಿಡಿಸಿದರೆ ಸಿಹಿ ಹೆಚ್ಚಿಸಿದರು.

ನಿಮ್ಮ ಜನರಲ್ ಸೋಸ್ ಕಥೆಯನ್ನೇ ನೋಡಿ. ಹುನಾನ್ ಪ್ರಾಂತ್ಯದ ಬಾಣಸಿಗ ಪೆಂಗ್ ಚಾಂಗ್-ಕ್ವೇ 1950ರ ದಶಕದಲ್ಲಿ ತೈವಾನಿನಲ್ಲಿ ಹುಟ್ಟುಹಾಕಿದ ಕೋಳಿ ಅಡುಗೆ ಅದು. ಹೆಸರು 19ನೇ ಶತಮಾನದ ಸೇನಾಪತಿಯದು. ಮೊದಲು ಅದರಲ್ಲಿ ಇದ್ದದ್ದು ಹುಳಿ, ಖಾರ, ಉಪ್ಪು, ಬೆಳ್ಳುಳ್ಳಿ. ಗರಿಗರಿ ಮತ್ತು ಸಿಹಿ ಅಂಟಿಕೊಂಡಿದ್ದು ನ್ಯೂಯಾರ್ಕಿನಲ್ಲಿ. ನಾನಂತೂ ಈಗ ನೋಡೋದು ಎರಡೇ: ಕರಿದದ್ದು ಸಾಸ್‌ನಲ್ಲಿ ನೆನೆದು ಮೆತ್ತಗಾಗಿದೆಯಾ, ಬಾಣಲೆಯ ಹೊಗೆವಾಸನೆ ಇದೆಯಾ. ಮನೆಗೆ ತರೋ ಬದಲು ಅಲ್ಲೇ ಕೂತು ಬಿಸಿಬಿಸಿ ತಿನ್ನಿ, ರುಚಿಯೇ ಬೇರೆ.

ಉತ್ತರ: ಅಸಲಿ-ನಕಲಿ ಆಮೇಲೆ, ಮೊದಲು ಸ್ಟಾಕ್ (ಮಾಂಸ-ಮೂಳೆ ಕುದಿಸಿ ತೆಗೆದ ರಸ) ಬಗ್ಗೆ ಕೇಳಿ. ನಮ್ಮತ್ತೆಗೆ ಒಂದು ಕಡೆ ಹಾಟ್ ಅಂಡ್ ಸೋರ್ ಸೂಪ್ ಹೇಳಿದ್ದೆ, ಎರಡನೇ ಚಮಚದಲ್ಲಿ ಹಂದಿಮಾಂಸದ ಎಳೆ ಬಂತು. ಪಾಪ, ಆ ದಿನವೆಲ್ಲ ಅವರು ಊಟ ಮಾಡಲಿಲ್ಲ. ತಪ್ಪು ನನ್ನದೇ, ನಾನು ವಿಚಾರಿಸಿರಲಿಲ್ಲ. ತರಕಾರಿ ಪಲ್ಯಕ್ಕೂ ಆಯ್ಸ್ಟರ್ ಸಾಸ್ (ಸಮುದ್ರದ ಸಿಂಪಿಯ ಸಾಸ್) ಅಥವಾ ಕೋಳಿ ಸ್ಟಾಕ್ ಹಾಕೋದುಂಟು. ಮಾಪೋ ತೋಫು ಅನ್ನೋ ಖಾರದ ಅಡುಗೆಯಲ್ಲಿ ಸಾಮಾನ್ಯವಾಗಿ ಕೊಚ್ಚಿದ ಮಾಂಸ ಇರುತ್ತೆ. "ವೆಜಿಟೇರಿಯನ್" ಅಂದರೆ ಸಾಲದು; ಮೊಟ್ಟೆ, ಮೀನು, ಸ್ಟಾಕ್, ಆಯ್ಸ್ಟರ್ ಸಾಸ್ ಅಂತ ಒಂದೊಂದೂ ಹೆಸರು ಹಿಡಿದು ಬೇಡ ಅನ್ನಿ.

ಉತ್ತರ: ಮೇಲೆ ಹೇಳಿದ್ದು ನಿಜ. ಅದಕ್ಕೇ ನಾನು ಅಮ್ಮನನ್ನು ಚೈನಾಟೌನಿನ ಬೌದ್ಧ ಸಸ್ಯಾಹಾರಿ ಹೋಟೆಲಿಗೆ ಕರ್ಕೊಂಡು ಹೋಗ್ತೀನಿ. ಕಟ್ಟುನಿಟ್ಟಾದ ಬೌದ್ಧ ಅಡುಗೆಯಲ್ಲಿ ಈರುಳ್ಳಿ-ಬೆಳ್ಳುಳ್ಳಿಯೂ ಇಲ್ಲ, ಅಮ್ಮನಿಗೆ ಬೇಕಾಗಿದ್ದೂ ಅದೇ. ಮೆನುವಿನಲ್ಲಿ "ಡಕ್", "ಚಿಕನ್" ಅಂತ ಕಂಡರೆ ಅದು ಗೋಧಿ ಅಂಟು ಇಲ್ಲವೇ ಸೋಯಾದಲ್ಲಿ ಮಾಡಿದ್ದು. ಇದನ್ನು ಹೊರಡೋ ಮುಂಚೆಯೇ ಅವರಿಗೆ ಹೇಳಿಬಿಡಿ. ಚೀನಾದ ಸಿಚುವಾನ್ ಪ್ರಾಂತ್ಯದ ಅಡುಗೆಯ ಹೋಟೆಲಿಗೆ ಹೋದರೆ ಯೂಶಿಯಾಂಗ್ ಬದನೆಕಾಯಿ ತರಿಸಿ. ಹೆಸರಿನ ಅರ್ಥ "ಮೀನಿನ ಪರಿಮಳ", ಆದರೆ ಆ ಮಸಾಲೆಯಲ್ಲಿ ಮೀನಿಲ್ಲ. ಕೆಲವರು ಕೊಚ್ಚಿದ ಹಂದಿಮಾಂಸ ಸೇರಿಸ್ತಾರೆ, ಬೇಡ ಅಂತ ಹೇಳಿದರಾಯ್ತು. ಎಣ್ಣೆಗಾಯಿ ಇಷ್ಟಪಡೋರಿಗೆ ಅದು ಖಂಡಿತ ಹಿಡಿಸುತ್ತೆ.

ಅಪ್ಪ ಗೋಬಿ ಮಂಚೂರಿ ಕೇಳಿದರೆ ಮಾತ್ರ ಈ ಹೋಟೆಲುಗಳಲ್ಲಿ ಹುಡುಕಬೇಡಿ. ಅದು ಭಾರತದ ಚೈನೀಸ್. ನ್ಯೂಜೆರ್ಸಿಯಲ್ಲೇ ಇರೋ ಎಡಿಸನ್ನಿನ ಓಕ್ ಟ್ರೀ ರೋಡ್ ಕಡೆ, ಭಾರತೀಯ ಹೋಟೆಲುಗಳಿರೋ ಜಾಗಕ್ಕೆ ಹೋಗಿ.