ಜಪಾನಿನ ರಾಮಾಯಣ ಕಾರ್ಟೂನ್: ಬೂಷ್ಟು ಹಿಡಿದ ಕ್ಯಾಸೆಟ್‌ನಿಂದ ಹಳೆಯ ಹಿಂದಿ ಸ್ವರ ಉಳಿಸುವುದು ಹೇಗೆ?

ಬದಿಯಡ್ಕ_ಓದುಗ

ಯುಗೋ ಸಾಕೋ ಮಾಡಿಸಿದ ‘ರಾಮಾಯಣ: ದ ಲೆಜೆಂಡ್ ಆಫ್ ಪ್ರಿನ್ಸ್ ರಾಮ’ದ ಹಳೆಯ ಹಿಂದಿ ಡಬ್ಬಿಂಗ್, ಟಿವಿಯಿಂದ ಇಳಿಸಿಕೊಂಡದ್ದು, ಇ-180 ವಿಎಚ್‌ಎಸ್ ಕ್ಯಾಸೆಟ್‌ನಲ್ಲಿ ಉಂಟು. 2025ರ ಜನವರಿ 24ಕ್ಕೆ 4ಕೆಯಲ್ಲಿ ಥಿಯೇಟರಿಗೆ ಬಂದ ಪ್ರತಿಯಲ್ಲಿ ಚಿತ್ರವೇನೋ ಸೊಗಸು, ಆದರೆ ಹಿಂದಿ ಸ್ವರಗಳು ಹೊಸಬರದು. ಬೇಕಾದದ್ದು ಹಳೆಯ ಸ್ವರ. ಕ್ಯಾಸೆಟ್‌ನ ಕಿಟಕಿಯಲ್ಲಿ ನೋಡಿದರೆ ಸುರುಳಿಯ ಅಂಚಿಗೆ ರಾಗಿ ಹಿಟ್ಟು ಚೆಲ್ಲಿದ ಹಾಗೆ ಬೂದಿಬಿಳಿ ಪುಡಿ. ಹೀಗೆಯೇ ವಿಸಿಆರ್‌ಗೆ ಹಾಕಬಹುದೇ? ಮುಂದೆ ಈ ಸ್ವರವನ್ನು ಹೊಸ ಚಿತ್ರಕ್ಕೆ ಜೋಡಿಸಲು ಬರುತ್ತದೆಯೇ?

ನೀರ್ಚಾಲು

ದಯವಿಟ್ಟು ಹಾಕಬೇಡಿ. ಆ ಪುಡಿ ಬೂಷ್ಟು. ಒಂದು ಸಲ ತಿರುಗಿಸಿದರೆ ಅದು ಟೇಪನ್ನು ಓದುವ ಹೆಡ್‌ಗೆ ಮೆತ್ತಿಕೊಳ್ಳುತ್ತದೆ, ಆಮೇಲೆ ಅದೇ ವಿಸಿಆರ್‌ಗೆ ಹಾಕಿದ ಪ್ರತಿ ಕ್ಯಾಸೆಟ್‌ಗೂ ಅಂಟುತ್ತದೆ. ಸುರುಳಿಯ ಪದರಗಳು ಒಂದಕ್ಕೊಂದು ಹಿಡಿದಿದ್ದರೆ ಟೇಪೇ ಹರಿದೀತು.

ಮೊದಲು ಒಣಗಿಸಬೇಕು. ಅಡಿಕೆಯ ಹಾಗೆ ಅಂಗಳದ ಬಿಸಿಲಿಗಲ್ಲ, ಹೇರ್ ಡ್ರೈಯರ್ ಕೂಡ ಬೇಡ. ಬಿಸಿಗೆ ಪ್ಲಾಸ್ಟಿಕ್ ಪಟ್ಟಿ ಸೊಟ್ಟಗಾದರೆ ಅದಕ್ಕೆ ಮದ್ದಿಲ್ಲ. ಗಾಳಿಯಾಡದ ಡಬ್ಬಿಯಲ್ಲಿ ಅರ್ಧ ಕಿಲೋ ಸಿಲಿಕಾ ಜೆಲ್, ಒಂದು ಸಣ್ಣ ತೇವಾಂಶ ಮಾಪಕ, ಜೊತೆಗೆ ಕ್ಯಾಸೆಟ್ ಇಟ್ಟು ಮುಚ್ಚಿ. ಮಾಪಕ 40ರ ಆಸುಪಾಸಿಗೆ ಇಳಿದ ಮೇಲೂ ಎರಡು ವಾರ ಹಾಗೆಯೇ ಇರಲಿ. ನೀಲಿ ಜೆಲ್ ಗುಲಾಬಿಯಾದರೆ 120 ಡಿಗ್ರಿಯ ಓವನ್‌ನಲ್ಲಿ ಒಂದೆರಡು ಗಂಟೆ ಕಾಯಿಸಿದರೆ ಮತ್ತೆ ಉಪಯೋಗಕ್ಕೆ ಬರುತ್ತದೆ. ಹಸಿ ಬೂಷ್ಟು ಒರೆಸಲು ಹೋದರೆ ಕೊಳೆಯಾಗಿ ಹರಡುತ್ತದೆ, ಒಣಗಿದ್ದು ಪುಡಿಯಾಗಿ ಉದುರುತ್ತದೆ. ನಮ್ಮ ಕಾಸರಗೋಡಿನ ಮಳೆಗಾಲದಲ್ಲಿ ಕ್ಯಾಸೆಟ್ ಬಿಚ್ಚಲೇಬೇಡಿ. ಜನವರಿ ಈ ಕೆಲಸಕ್ಕೆ ಹೇಳಿದ ತಿಂಗಳು.

ಬಿಚ್ಚುವುದು ಹೊರಗೆ, ಜಗಲಿಯಲ್ಲಿ. ಎನ್95 ಮಾಸ್ಕ್ ಬೇಕೇ ಬೇಕು. ತಳದಲ್ಲಿ ಐದು ಸ್ಕ್ರೂ. ಮೇಲಿನ ಚಿಪ್ಪು ಎತ್ತಿದ ತಕ್ಷಣ, ಏನನ್ನೂ ಮುಟ್ಟುವ ಮೊದಲು, ಟೇಪು ಹೋಗುವ ದಾರಿಯ ಫೋಟೋ ತೆಗೆಯಿರಿ. ಬಾಗಿಲಿನ ಸಣ್ಣ ಸ್ಪ್ರಿಂಗ್ ಹಾರಿಹೋಗುವುದು ಇಲ್ಲೇ. ಎರಡೂ ಸುರುಳಿಗಳ ಬದಿಯನ್ನು ಮೆತ್ತಗಿನ ಬ್ರಶ್‌ನಿಂದ ಗುಡಿಸಿ, ಬೇರೊಂದು ಒಳ್ಳೆಯ ಕ್ಯಾಸೆಟ್‌ನ ಚಿಪ್ಪಿಗೆ ವರ್ಗಾಯಿಸಿ. ಹಳೆಯ ಚಿಪ್ಪಿನೊಳಗೂ ಬೂಷ್ಟು ಇರುತ್ತದೆ, ಅದನ್ನು ಎಸೆಯಿರಿ. ಮತ್ತೆ ಕೈಯಲ್ಲೇ ಸುತ್ತುತ್ತಾ ನೂಲು ಬಿಡದ ಬಟ್ಟೆಯ ಮಡಿಕೆಯ ನಡುವೆ ಟೇಪನ್ನು ಸಾಗಿಸಿ. ಬಟ್ಟೆ ಕೊಳೆಯಾದ ಹಾಗೆ ಜಾಗ ಬದಲಿಸುತ್ತಿರಿ. ರೆಕಾರ್ಡಿಂಗ್ ಇರುವ ಮುಖ ಹೊರಗಡೆಯದು, ಅದಕ್ಕೆ ಬೆರಳು ತಾಗಬಾರದು.

ಒಂದೊಂದು ಸಲ ಓಡಿಸಿದ ಮೇಲೂ ಹೆಡ್ ಒರೆಸಿ. ಚರ್ಮದ ತುದಿಯ ಕಡ್ಡಿಗೆ 99% ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ, ಹೆಡ್ ಕೂತಿರುವ ಡ್ರಮ್‌ಗೆ ಆನಿಸಿ ಹಿಡಿದು, ಡ್ರಮ್ಮನ್ನು ಕೈಯಲ್ಲಿ ತಿರುಗಿಸಿ. ಕಡ್ಡಿಯನ್ನು ಮೇಲೆ ಕೆಳಗೆ ಉಜ್ಜಿದರೆ ಹೆಡ್‌ನ ತುದಿ ಮುರಿಯುತ್ತದೆ. ಹತ್ತಿಯ ಇಯರ್ ಬಡ್ ಬೇಡವೇ ಬೇಡ, ಅದರ ಎಳೆ ಸಿಕ್ಕಿಕೊಳ್ಳುತ್ತದೆ.

ಕಂಪ್ಯೂಟರಿಗೆ ಇಳಿಸುವಾಗ ಚಿತ್ರದ ಅಳತೆ 720×576, ಸೆಕೆಂಡಿಗೆ 25 ಫ್ರೇಮ್, ಹಫ್‌ವೈಯುವಿಯಂಥ ನಷ್ಟವಿಲ್ಲದ ಕೋಡೆಕ್ (ವಿಡಿಯೋ ಉಳಿಸುವ ಬಗೆ). ಗಂಟೆಗೆ ಸುಮಾರು 30 ಜಿಬಿ ಜಾಗ ಬೇಕು. ಟಿವಿಯ ಚಿತ್ರ ಸಾಲು ಬಿಟ್ಟು ಸಾಲಾಗಿ ಎರಡು ಅರ್ಧಗಳಲ್ಲಿ (ಫೀಲ್ಡ್) ಇರುತ್ತದೆ, ಆಮೇಲೆ ಅದನ್ನು ಪೂರ್ತಿ ಚಿತ್ರವಾಗಿಸಲು ಡೀಇಂಟರ್‌ಲೇಸ್ ಮಾಡಿ.

ಕುಂಬಳೆ ಕಡಲು

ಬೂಷ್ಟಿನ ಬಗ್ಗೆ ಹೇಳಿದ್ದೆಲ್ಲ ಸರಿ. ಡೀಇಂಟರ್‌ಲೇಸ್ ಮಾತ್ರ ಒಪ್ಪಲಾರೆ. ಇದು ಕ್ಯಾಮೆರಾ ವಿಡಿಯೋ ಅಲ್ಲ, ಫಿಲ್ಮ್‌ನಿಂದ ಬಂದ ಚಿತ್ರ. ನಮ್ಮ ಟಿವಿಯ ಪಾಲ್ (PAL) ಪದ್ಧತಿಗೆ ನೇರ ಇಳಿಸಿದ್ದಾದರೆ ಎರಡು ಫೀಲ್ಡ್‌ಗಳೂ ಒಂದೇ ಚಿತ್ರದ ಅರ್ಧರ್ಧ. ಬಾಚಣಿಗೆಯಂಥ ಗೆರೆ ಕಂಡರೆ ಫೀಲ್ಡ್ ಒಂದು ಹೆಜ್ಜೆ ಜಾರಿದೆ ಎಂದರ್ಥ, ಫೀಲ್ಡ್ ಮ್ಯಾಚಿಂಗ್ ಮಾಡಿ ಸರಿಯಾದ ಜೋಡಿ ಕೂಡಿಸಿದರೆ ಪೂರ್ತಿ ಚಿತ್ರ ವಾಪಸ್ ಬರುತ್ತದೆ. ಡೀಇಂಟರ್‌ಲೇಸ್ ಆದರೋ, ಇಲ್ಲದ ಗೆರೆಗಳನ್ನು ಊಹಿಸಿ ತುಂಬಿಸುತ್ತದೆ. ಹಾಗಾದಾಗ ಮೊದಲು ಹಾಳಾಗುವುದು ಹುಬ್ಬು, ಬಿಲ್ಲಿನ ಹೆದೆಯಂಥ ಸಪೂರ ಗೆರೆಗಳು.

ಆದರೆ ಬೇಕಾದದ್ದು ಸ್ವರವಲ್ಲವೇ, ಕಷ್ಟ ಇರುವುದೂ ಅಲ್ಲೇ. ಸೆಕೆಂಡಿಗೆ ಫಿಲ್ಮ್ 24 ಫ್ರೇಮ್, ಪಾಲ್ 25. ನೇರ ಇಳಿಸಿದ್ದರೆ 135 ನಿಮಿಷದ ಚಿತ್ರ 129 ನಿಮಿಷ 36 ಸೆಕೆಂಡಿನಲ್ಲಿ ಮುಗಿಯುತ್ತದೆ, ಸ್ವರ ಸುಮಾರು ಮುಕ್ಕಾಲು ಸೆಮಿಟೋನ್ ಮೇಲೇರುತ್ತದೆ. ಅಮರೀಶ್ ಪುರಿಯವರ ರಾವಣ ಸಪೂರ ಸ್ವರದಲ್ಲಿ ಗದರುವುದು ಅದಕ್ಕೇ. ಯಕ್ಷಗಾನದ ಕವಿ ಪಾರ್ತಿಸುಬ್ಬನ ಊರಿನಲ್ಲಿ ಅಂಥ ರಾವಣನನ್ನು ಯಾರು ಒಪ್ಪುತ್ತಾರೆ! ಇನ್ನೊಂದು ಸಾಧ್ಯತೆಯೂ ಉಂಟು: ಜಪಾನಿನ ಟಿವಿ ಪದ್ಧತಿ ಬೇರೆ, ಎನ್‌ಟಿಎಸ್‌ಸಿ (NTSC). ಅಲ್ಲಿಯ ಟೇಪನ್ನು ಪರಿವರ್ತಿಸಿ ಪ್ರಸಾರ ಮಾಡಿದ್ದರೆ ವೇಗ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ, ಬದಲಿಗೆ ಪಕ್ಕದ ಚಿತ್ರಗಳು ಒಂದರ ಮೇಲೊಂದು ಮಸುಕಾಗಿ ಬೆರೆತಿರುತ್ತವೆ. ಹಾಗಿದ್ದರೆ ಫೀಲ್ಡ್ ಮ್ಯಾಚಿಂಗ್ ಕೂಡ ಉಪಯೋಗಕ್ಕಿಲ್ಲ.

ಊಹೆ ಬೇಡ, ಅಳೆಯಿರಿ. ನಡುವೆ ಜಾಹೀರಾತು ಬಾರದ ಎರಡು ಜಾಗ ಆರಿಸಿ, 24 ಫ್ರೇಮಿನ ಪ್ರತಿಯಲ್ಲಿ ಸರಿಯಾಗಿ 10 ನಿಮಿಷ ಅಂತರದವು. ಟೇಪಿನಲ್ಲಿ ಅದೇ ಅಂತರ 9 ನಿಮಿಷ 36 ಸೆಕೆಂಡ್ ಬಂದರೆ ಅದು ಪಾಲ್ ಓಟ. 10 ನಿಮಿಷಕ್ಕೆ ಅರ್ಧ ಸೆಕೆಂಡಿನಷ್ಟು ಹೆಚ್ಚು ಬಂದರೆ ಎನ್‌ಟಿಎಸ್‌ಸಿ.

ಸ್ವರ ಮಂಕಾಗಿದ್ದರೆ ವಿಸಿಆರ್‌ನ ಆಡಿಯೋ ಹೆಡ್‌ನ ಓರೆ ಹೊಂದಿಸುವ ಅಜಿಮತ್ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ, ಸ, ಶ ಅಕ್ಷರಗಳು ಚುರುಕಾಗಿ ಕೇಳುವಲ್ಲಿ ನಿಲ್ಲಿಸಿ. ಮೊದಲಿದ್ದ ಜಾಗಕ್ಕೆ ಪೆನ್ನಿನ ಗುರುತು ಹಾಕಲು ಮರೆಯಬೇಡಿ.

ಬದಿಯಡ್ಕ_ಓದುಗ

ಒಣಗಿಸಿ, ಚಿಪ್ಪು ಬದಲಿಸಿ, ಇಳಿಸಿ ಆಯಿತು. ಅಳತೆ 9 ನಿಮಿಷ 36 ಸೆಕೆಂಡ್. ನಿರೂಪಣೆ ಶತ್ರುಘ್ನ ಸಿನ್ಹಾ, ರಾಮನಿಗೆ ಅರುಣ್ ಗೋವಿಲ್, ಹಾಗಾಗಿ ಹಳೆಯ ಡಬ್ಬಿಂಗೇ. ಈಗ ಧ್ವನಿ ತಿದ್ದುವ ಆಡಾಸಿಟಿ ತಂತ್ರಾಂಶದಲ್ಲಿ ಟೆಂಪೋ ಬದಲಿಸಬೇಕೋ, ಸ್ಪೀಡೋ?

ಕುಂಬಳೆ ಕಡಲು

ಸ್ಪೀಡ್, ಶೇಕಡಾ ಮೈನಸ್ 4.000. ಟೆಂಪೋ ಬದಲಿಸಿದರೆ ಉದ್ದ ಸರಿಯಾಗುತ್ತದೆ, ಏರಿದ ಸ್ವರ ಹಾಗೆಯೇ ಉಳಿಯುತ್ತದೆ. ಜಾಹೀರಾತುಗಳನ್ನು ಮೊದಲೇ ಕತ್ತರಿಸಿ, ಪ್ರತಿ ತುಂಡನ್ನೂ ಬೇರೆಯಾಗಿ ಕೂರಿಸಿ. ಬಿಡುವಿನ ಹತ್ತಿರ ಒಂದೆರಡು ಸೆಕೆಂಡ್ ಹೋಗಿರಬಹುದು, ಅಲ್ಲಿ ಎಳೆದು ತುಂಬಿಸದೆ ಮೌನ ಬಿಡಿ. ತುಟಿ ನೋಡಿ ಹೊಂದಿಸಬೇಡಿ, ಮೂಲ ಸಂಭಾಷಣೆ ಇಂಗ್ಲಿಷಿನದಾದ್ದರಿಂದ ಹಿಂದಿ ತುಟಿಗೆ ಕೂರುವುದಿಲ್ಲ. ಬಿಲ್ಲು ಮುರಿಯುವ ಸದ್ದು, ಬಾಣ ತಾಗುವ ಸದ್ದು ಹಿಡಿಯಿರಿ. ಜೋಡಿಸಿದ್ದು ಮನೆಯವರು ನೋಡಲಿಕ್ಕೆ ಇರಲಿ, ಚಿತ್ರದ ಹಕ್ಕು ಅದರವರದು. ತಿದ್ದದ ಮೂಲ ಫೈಲನ್ನು ಎರಡು ಹಾರ್ಡ್ ಡಿಸ್ಕ್‌ಗಳಲ್ಲಿ, ಎರಡು ಬೇರೆ ಮನೆಗಳಲ್ಲಿ ಇಡಿ.

ನೀರ್ಚಾಲು

ಫೀಲ್ಡ್ ಮ್ಯಾಚಿಂಗ್ ವಿಷಯ ಒಪ್ಪಿದೆ. ಒಂದು ಮಾತು: ಕ್ಯಾಸೆಟ್ ಎಸೆಯಬೇಡಿ. ಪೂರ್ತಿ ಹಿಂದಕ್ಕೆ ಸುತ್ತಿ, ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿ, ಜೆಲ್ ಡಬ್ಬಿಯಲ್ಲೇ ಇಡಿ.